ಒಪ್ಪಿಕೊಂಡವನಿಗೆ ಅಪೀಲುಂಟೆ?

ನ್ಯಾಯಾಲಯದಲ್ಲಿ ಕೈಕಟ್ಟಿ ನಿಂತು ಅಪರಾಧವನ್ನು ಒಪ್ಪಿಕೊಂಡವನು, ಶಿಕ್ಷೆಯಾದ ಮೇಲೆ ಮೇಲಿನ ನ್ಯಾಯಾಲಯಕ್ಕೆ ಹೋಗಿ "ನಾನು ಒಪ್ಪಿದ್ದು ಒಪ್ಪಿಗೆಯೇ ಅಲ್ಲ" ಎನ್ನಬಹುದೆ? ಮೊದಲ ನೋಟಕ್ಕೆ ಇದು ಕೊಟ್ಟ ಮಾತಿಗೆ ತಪ್ಪಿದ ಹಾಗೆಯೇ ಕಾಣುತ್ತದೆ. ಕಾನೂನೂ ಬಹುಮಟ್ಟಿಗೆ ಹಾಗೆಯೇ ಭಾವಿಸಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 375ನೆಯ ಕಲಮಿನ ಪ್ರಕಾರ ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಗೊಳಗಾದವನಿಗೆ ಅಪೀಲಿಲ್ಲ. ಕೆಳಗಿನ ನ್ಯಾಯಾಲಯ ಕೊಟ್ಟ ಶಿಕ್ಷೆ ಅತಿಯಾಯಿತೆಂದೋ ಕಾನೂನಿಗೆ ಹೊರತಾದುದೆಂದೋ ವಾದಿಸಬಹುದು, ಅಷ್ಟೆ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ 416ನೆಯ ಕಲಮಿನಲ್ಲಿ ಇದನ್ನೇ ಉಳಿಸಿಕೊಂಡಿದೆ. ತಾನೇ ಒಪ್ಪಿದವನಿಗೆ ದೂರಲು ಏನು ಉಳಿಯಿತು ಎಂಬುದು ಇದರ ಹಿಂದಿನ ತರ್ಕ.

ತರ್ಕವೇನೋ ಸರಿಯೇ. ಆದರೆ ಅದರ ಭಾರವೆಲ್ಲ ಒಂದು ಮಾತಿನ ಮೇಲೆ ಬಿದ್ದಿದೆ. ಆ ಮಾತು ಯಾವ ಅವಸ್ಥೆಯಲ್ಲಿ, ಯಾವ ಅರ್ಥದಲ್ಲಿ ಬಾಯಿಂದ ಹೊರಟಿತೆಂದು ಕೇಳದಿದ್ದರೆ ತರ್ಕಕ್ಕೆ ನೆಲೆಯೇ ಇಲ್ಲ.

ಕನ್ನಡಿಗರಾದ ನಮಗೆ ಇದು ಬೇಗ ಅರ್ಥವಾಗಬೇಕು. "ತಪ್ಪಾಯ್ತು, ಹೊಟ್ಟೆಗೆ ಹಾಕಿಕೊಳ್ಳಿ" ಎಂದು ಎಷ್ಟು ಸಲ ಅನ್ನುವುದಿಲ್ಲ! ಹಿರಿಯರು ಸಿಟ್ಟಾದರೆ ಅನ್ನುತ್ತೇವೆ. ಬಸ್ಸಿನಲ್ಲಿ ಕಾಲು ತುಳಿಸಿಕೊಂಡವರೇ ಒಮ್ಮೊಮ್ಮೆ ಅಂದುಬಿಡುವುದುಂಟು. ದೇವಸ್ಥಾನದಲ್ಲಿ ತಪ್ಪುಕಾಣಿಕೆ ಹಾಕುವವನಿಗೆ ತಾನು ಇಂಥದೇ ತಪ್ಪು ಮಾಡಿದೆನೆಂದು ಗೊತ್ತಿರಬೇಕಾಗಿಲ್ಲ. ತಿಳಿದೋ ತಿಳಿಯದೆಯೋ ಏನಾದರೂ ಆಗಿದ್ದರೆ ಎಂದು ಹಾಕುತ್ತಾನೆ. ಇದು ಜಗಳ ಮುಗಿಸುವ, ದೊಡ್ಡವರ ಕೋಪ ಇಳಿಸುವ ಮಾತು. ಉತ್ತರ ಕರ್ನಾಟಕದಿಂದ ಕೂಲಿಗೆಂದು ಮುಂಬಯಿಗೆ ಬಂದವನೊಬ್ಬ ಅರೆಬರೆ ತಿಳಿಯುವ ಮರಾಠಿಯಲ್ಲಿ ಆರೋಪವನ್ನು ಕೇಳಿಸಿಕೊಂಡು, ಮ್ಯಾಜಿಸ್ಟ್ರೇಟರಿಗೆ ಕೈಮುಗಿದು "ಚೂಕ್ ಝಾಲಿ, ಸಾಹೇಬ್" ಎಂದರೆ ಅವನ ಮನಸ್ಸಿನಲ್ಲಿರುವುದು ನಮ್ಮ "ತಪ್ಪಾಯ್ತು ಸ್ವಾಮಿ"ಯೇ. ದಫ್ತರದಲ್ಲಿ ಮಾತ್ರ "ಆರೋಪಿಯು ಅಪರಾಧವನ್ನು ಒಪ್ಪಿರುತ್ತಾನೆ" ಎಂದು ಬೀಳುತ್ತದೆ. ಆರೋಪಿಯ ಉತ್ತರವನ್ನು ಸಾಧ್ಯವಾದಷ್ಟೂ ಅವನದೇ ಮಾತಿನಲ್ಲಿ ಬರೆದುಕೊಳ್ಳಬೇಕೆಂದು ಮ್ಯಾಜಿಸ್ಟ್ರೇಟರಿಗೆ ಕಾನೂನು ವಿಧಿಸಿರುವುದು ಸುಮ್ಮನಲ್ಲ. (ಸಿದ್ಧ ವಾಕ್ಯ ಎಷ್ಟು ಅನುಕೂಲವೆಂಬುದು ಗುಮಾಸ್ತರಾದ ನಮಗೆ ಚೆನ್ನಾಗಿ ಗೊತ್ತು!)

ಭಾಷೆ ತಿಳಿದವನೂ ಬೇರೆ ಕಾರಣಕ್ಕೆ ಒಪ್ಪುತ್ತಾನೆ. ಜಾಮೀನಿಗೆ ಗತಿಯಿಲ್ಲದೆ ತಿಂಗಳುಗಟ್ಟಲೆ ಒಳಗೆ ಕುಳಿತವನಿಗೆ, ಒಪ್ಪಿದರೆ ಕಳೆದ ದಿನಗಳೇ ಶಿಕ್ಷೆಯಾಗಿ ಇಂದೇ ಬಿಡುಗಡೆಯೆಂದು ಯಾರಾದರೂ ಹೇಳಿದರೆ ಅವನು ಇನ್ನೇನು ಮಾಡಿಯಾನು? ಸಣ್ಣ ಮೊಕದ್ದಮೆಗಳಲ್ಲಿ ಹತ್ತು ಸಲ ಕೂಲಿ ಕಳೆದುಕೊಂಡು ತಿರುಗುವುದಕ್ಕಿಂತ ದಂಡ ಕಟ್ಟುವುದು ಅಗ್ಗ. ಆದರೆ ದಂಡ ಕಟ್ಟಿದೊಡನೆ ಮುಗಿಯಿತೆನ್ನುವಂತಿಲ್ಲ. ಸರ್ಕಾರಿ ನೌಕರಿಗೆ ಆಯ್ಕೆಯಾದ ಹುಡುಗ ತುಂಬಬೇಕಾದ ದೃಢೀಕರಣ ಪತ್ರದಲ್ಲಿ ನ್ಯಾಯಾಲಯದಿಂದ ಶಿಕ್ಷೆಯೋ ದಂಡವೋ ಆಗಿದೆಯೇ ಎಂಬ ಕಾಲಮು ಕಾದಿರುತ್ತದೆ. ಹೌದೆಂದರೂ ಕಷ್ಟ, ಇಲ್ಲವೆಂದರೆ ಇನ್ನೂ ಕಷ್ಟ.

ಆಹಾರ ಕಲಬೆರಕೆಯ ಗುಜರಾತಿನ ಪ್ರಕರಣವೊಂದರಲ್ಲಿ, 1980ರಲ್ಲಿ, ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಇಂಥ ಚೌಕಾಸಿಯಲ್ಲಿ ನಿರಪರಾಧಿಯೂ ಒಪ್ಪಿಬಿಡುವ ಅಪಾಯವನ್ನು ಎತ್ತಿ ತೋರಿಸಿದರು. ನಮ್ಮ ನಾಡಿನದೇ ಇನ್ನೊಂದು ಪ್ರಕರಣ 1983ರ ತೀರ್ಪುಗಳ ಸಂಪುಟದಲ್ಲಿದೆ. ಅಜಾಗರೂಕತೆಯಿಂದ ವಾಹನ ನಡೆಸಿ ಸಾವಿಗೆ ಕಾರಣನಾದನೆಂಬ ಆರೋಪ; ಆತ ಒಪ್ಪಿಕೊಂಡ, ದಂಡದಲ್ಲಿ ಮುಗಿಯಿತು. ಆ ಶಿಕ್ಷೆ ಸಾಲದೆಂದು ಉಚ್ಚ ನ್ಯಾಯಾಲಯ ಸೆರೆವಾಸ ವಿಧಿಸಿತು. ಹಗುರ ಶಿಕ್ಷೆಯ ಭರವಸೆ ಕೊಟ್ಟು ಒಪ್ಪಿಸಿ, ಆಮೇಲೆ ಅಪೀಲಿನಲ್ಲಿ ಶಿಕ್ಷೆ ಏರಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ಶಿಕ್ಷೆಯ ಜೊತೆಗೆ ಒಪ್ಪಿಗೆಯ ಮೇಲಿನ ತೀರ್ಮಾನವನ್ನೂ ಅಳಿಸಿ, ಮೊದಲಿನಿಂದ ವಿಚಾರಣೆ ನಡೆಸಲು ಕಳುಹಿಸಿತು.

ಆ ಮನುಷ್ಯ ನಿಜವಾಗಿಯೂ ತಪ್ಪಿತಸ್ಥನಾಗಿದ್ದರೆ ಎಂದು ವಾಚಕರು ಕೇಳಬಹುದು. ಕೇಳಲೇಬೇಕು. ಸತ್ತವರ ಮನೆಯವರೂ ಇದೇ ಪ್ರಶ್ನೆಯನ್ನು ಹೊತ್ತು ನಿಂತಿರುತ್ತಾರೆ. ವರ್ಷಗಳ ಮೇಲೆ ಮತ್ತೆ ವಿಚಾರಣೆಯೆಂದರೆ ಸಾಕ್ಷಿಗಳು ಮರೆತಿರುತ್ತಾರೆ, ಕೆಲವರು ತೀರಿಕೊಂಡಿರುತ್ತಾರೆ. ಹಗುರ ಶಿಕ್ಷೆ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಮಾತು ಹಿಂತೆಗೆಯುವವನ ಬಗ್ಗೆ ನಮಗೂ ಮರುಕವಿಲ್ಲ. ಆದರೂ ಅಪೀಲಿನ ಬಾಗಿಲು ಪೂರ್ತಿ ಮುಚ್ಚಬಾರದೆಂದೇ ನಮ್ಮ ಅಭಿಪ್ರಾಯ. ಒಪ್ಪಿಗೆ ನಿಲ್ಲದಿದ್ದರೆ ಅವನಿಗೆ ದೊರೆಯುವುದು ಬಿಡುಗಡೆಯಲ್ಲ, ವಿಚಾರಣೆ. ಅಲ್ಲಿ ಹೆಚ್ಚಿನ ಶಿಕ್ಷೆಯ ಅಪಾಯವೂ ಅವನದೇ. ಆಸೆ ತೋರಿಸಿ ಪಡೆದ ಮಾತು ನಿಜವೇ ಆಗಿದ್ದರೂ, ಅದು ನಿಜವೆಂದು ನ್ಯಾಯಾಲಯಕ್ಕೆ ಆ ಮಾತಿನಿಂದ ತಿಳಿಯುವಂತಿಲ್ಲ.

2006ರ ಜುಲೈಯಿಂದ ಕೆಲವು ಬಗೆಯ ಅಪರಾಧಗಳಲ್ಲಿ ಚೌಕಾಸಿಯ ತಪ್ಪೊಪ್ಪಿಗೆಯೇ ಕಾನೂನುಬದ್ಧವಾಗಿದೆ. ಅಲ್ಲಿ ನ್ಯಾಯಾಧೀಶರು ಎದುರು ಪಕ್ಷದವರನ್ನು ಹೊರಗಿಟ್ಟು, ಸ್ವಇಚ್ಛೆಯಿಂದ ಬಂದಿದ್ದೀಯಾ ಎಂದು ಆರೋಪಿಯನ್ನು ಏಕಾಂತದಲ್ಲಿ ಕೇಳಬೇಕು. ಒಳ್ಳೆಯ ಏರ್ಪಾಟು. ಬೆಳಗಿನ ಹೊತ್ತು ಸಾಲಿನಲ್ಲಿ ನಿಂತು "ಚೂಕ್ ಝಾಲಿ" ಎನ್ನುವ ಕೂಲಿಯವನಿಗೆ ಆ ಏಕಾಂತವಿಲ್ಲ. ಅವನಿಗೂ ಅದನ್ನು ಕೊಟ್ಟು, ಅವನಿಗೆ ತಿಳಿಯುವ ಭಾಷೆಯಲ್ಲೇ ಆ ಒಂದು ಪ್ರಶ್ನೆ ಕೇಳಿದರೆ, ಅಪೀಲಿನವರೆಗೆ ಹೋಗಬೇಕಾದ ಎಷ್ಟೋ ಪ್ರಕರಣಗಳು ಅಲ್ಲಿಯೇ ತೀರುತ್ತಿದ್ದವು.