ಎಷ್ಟು ಬರೆಸೋಣ ಸಾರ್?

ಯುಗಾದಿ ದಿನ ಚಿಂತಾಮಣಿಯ ನಮ್ಮ ಮನೆಯಲ್ಲಿ ಸುಟ್ಟ ವಾಸನೆ ಬಂತು. ಒಬ್ಬಟ್ಟು ಸೀದಿರಬೇಕು ಅಂದುಕೊಂಡೆವು. ಅಡುಗೆಮನೆಯಲ್ಲಿ ಏನೂ ಸೀದಿರಲಿಲ್ಲ. ವಾಸನೆ ಬರ್ತಿದ್ದದ್ದು ಹಾಲ್‌ನಲ್ಲಿ, ಅಮ್ಮ ದಿನಾ ಮಲಗೋ ಮಂಚದ ತಲೆಯ ಮೇಲಿದ್ದ ಮೀಟರ್ ಬೋರ್ಡಿನಿಂದ.

ಮೇನ್ ಆಫ್ ಮಾಡಿ ಮೇಸ್ತ್ರಿಗೆ ಫೋನ್ ಹಚ್ಚಿದೆ. ಹಬ್ಬದ ದಿನ, ಪಾಪ, ಊಟ ಬಿಟ್ಟು ಬಂದರು. ಫ್ಯೂಸ್ ಕಿತ್ತು ನೋಡಿ, ಏನೂ ಮಾತಾಡದೆ ನನ್ನ ಕೈಗೆ ಕೊಟ್ಟರು. ಒಂದು ಎಳೆ ಇರಬೇಕಾದ ಕಡೆ ನಾಲ್ಕು ಎಳೆ ತಾಮ್ರದ ತಂತಿ ಹೊಸೆದು ಕಟ್ಟಿತ್ತು. ಅದರ ಹಿಂದೆ ಗೋಡೆಯೊಳಗೆ ಹೋಗೋ ವೈರಿನ ಮೇಲಿನ ಪ್ಲಾಸ್ಟಿಕ್ಕು ಕರಗಿ ಬೆಲ್ಲದ ಪಾಕದ ಥರ ಇಳಿದಿತ್ತು.

"ಯಾರು ಸಾರ್ ಇದನ್ನ ಕಟ್ಟಿದ್ದು?"

ಅಪ್ಪ ಕಟ್ಟಿದ್ದು. ಲಾಕ್‌ಡೌನ್ ಕಾಲದಲ್ಲಿ ನಾನು ಲ್ಯಾಪ್‌ಟಾಪ್ ಎತ್ಕೊಂಡು ಊರಿಗೆ ಬಂದಿದ್ದೆ. ಮರುವರ್ಷದ ಬೇಸಿಗೆಗೆ ಮಹಡಿ ರೂಮು ಕಾದ ಹೆಂಚಿನಂತಾಗಿ, ಒಂದೂವರೆ ಟನ್ನಿನ ಎ.ಸಿ. ಹಾಕಿಸಿದೆ. ಎ.ಸಿ. ಓಡ್ತಿರುವಾಗ ಕೆಳಗೆ ಯಾರಾದರೂ ಗೀಸರ್ ಹಾಕಿದರೆ ಫ್ಯೂಸ್ ಹೋಗೋದು, ನನ್ನ ಮೀಟಿಂಗೂ ಹೋಗೋದು. ಎರಡು ಮೂರು ಸಲ ಸಿಡುಕಿದೆ. ಆಮೇಲೆ ಫ್ಯೂಸ್ ಹೋಗಲೇ ಇಲ್ಲ. ಯಾಕೆ ಹೋಗಲಿಲ್ಲ ಅಂತ ನಾನು ಕೇಳಲೂ ಇಲ್ಲ. ಅಪ್ಪ ತೀರಿಕೊಂಡು ಎರಡು ವರ್ಷವಾಯ್ತು. ಅವರು ನನಗೋಸ್ಕರ ಕಟ್ಟಿದ ತಂತಿ ಅಮ್ಮನ ತಲೆಯ ಮೇಲೆ ಹಾಗೇ ಇತ್ತು.

ಮನೆಗೆ ಹೊಸದಾಗಿ ವೈರಿಂಗ್ ಮಾಡಿಸೋದು ಅಂತ ತೀರ್ಮಾನವಾಯ್ತು. ಮಾರನೇ ವಾರ ಮೇಸ್ತ್ರಿ ಬಂದು, ಯಾವುದೋ ಹಳೇ ಲಗ್ನಪತ್ರಿಕೆಯ ಹಿಂಬದಿಯಲ್ಲಿ ಲೆಕ್ಕ ಶುರು ಮಾಡಿದರು. ಎಲ್.ಇ.ಡಿ. ದೀಪಗಳು ಎಲ್ಲ ಸೇರಿ 200 ವ್ಯಾಟ್. ಹಳೇ ಫ್ಯಾನ್ ಐದು, ತಲಾ 75ರಂತೆ 375. ಟಿ.ವಿ., ವೈಫೈ, ಚಾರ್ಜರ್ 200. ಫ್ರಿಜ್ 200. ಮಿಕ್ಸಿ 750, ಗ್ರೈಂಡರ್ 200, ಇಸ್ತ್ರಿಪೆಟ್ಟಿಗೆ 1000, ವಾಷಿಂಗ್ ಮೆಷಿನ್ 500. ಗೀಸರ್ ಎರಡು, 4000. ಇಂಡಕ್ಷನ್ ಒಲೆ 2000. ಸಂಪಿನ ಮೋಟರ್ ಒಂದು ಎಚ್‌ಪಿ, ಅಂದ್ರೆ ತಗೊಳ್ಳೋದು ಹೆಚ್ಚುಕಮ್ಮಿ 1000. ಎ.ಸಿ. 1700. ಕೂಡಿದರೆ 12,125. ಹನ್ನೆರಡು ಕಿಲೋವ್ಯಾಟ್ ಚಿಲ್ಲರೆ.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿತ್ತು ಗೊತ್ತಾ? ಎರಡು ಕಿಲೋವ್ಯಾಟ್. 2023ರಲ್ಲಿ ಗೃಹಜ್ಯೋತಿ ಬಂದು ಬಿಲ್ಲು ಸೊನ್ನೆಯಾದ ಮೇಲಂತೂ ನಮ್ಮನೇಲಿ ಅದನ್ನ ಯಾರೂ ಓದ್ತಿರಲಿಲ್ಲ. ಸೊನ್ನೆಯ ಪಕ್ಕ ಇನ್ನೇನಿದೆ ಅಂತ ಯಾರು ನೋಡ್ತಾರೆ?

ಅಪ್ಪ ಸುಳ್ಳು ಬರೆಸಿರಲಿಲ್ಲ. ತೊಂಬತ್ತರ ದಶಕದಲ್ಲಿ ಮನೆ ಕಟ್ಟಿಸಿದಾಗ ಇದ್ದದ್ದು ಆರು ಬಲ್ಬು, ಮೂರು ಫ್ಯಾನು, ಒಂದು ಟಿ.ವಿ., ಒಂದು ಮಿಕ್ಸಿ. ಸ್ನಾನಕ್ಕೆ ಹಂಡೆ ಒಲೆ. ಆ ಮನೆಗೆ ಎರಡು ಕಿಲೋವ್ಯಾಟ್ ಧಾರಾಳವಾಯ್ತು. ಸಂಖ್ಯೆ ಹಾಗೇ ಉಳೀತು, ಮನೆ ಬದಲಾಯ್ತು. ನಾವು ಯಾರೂ ಬಾಯಿ ಬಿಡದೆಯೇ ಒಂದು ನಿಜ ಮೂವತ್ತು ವರ್ಷದಲ್ಲಿ ಸುಳ್ಳಾಗಿಬಿಟ್ಟಿತ್ತು. ಇದಕ್ಕೆ ಯಾರನ್ನ ಹೊಣೆ ಮಾಡೋದು? ಗೀಸರ್ ತಂದವರನ್ನಾ, ಎ.ಸಿ. ತಂದವನನ್ನಾ, ಆ ಸಂಖ್ಯೆಯನ್ನ ಮರೆತ ಎಲ್ಲರನ್ನಾ?

ಲೆಕ್ಕ ಮುಗಿಸಿ ಮೇಸ್ತ್ರಿ ಕೇಳಿದರು: "ಎಷ್ಟು ಬರೆಸೋಣ ಸಾರ್?"

ನನಗೆ ಇದೊಂದು ಪ್ರಶ್ನೆಯೇ ಅನ್ನಿಸಲಿಲ್ಲ. ಹನ್ನೆರಡಿದೆ, ಹನ್ನೆರಡು ಬರೆಸಿ ಅಂದೆ. ಅವರು ನಕ್ಕರು. "ಹನ್ನೆರಡೂ ಒಟ್ಟಿಗೆ ಯಾವತ್ತು ಹಾಕ್ತೀರ? ಇಸ್ತ್ರಿ ಮಾಡ್ತಾ, ಮಿಕ್ಸಿ ತಿರುಗಿಸ್ತಾ, ಎರಡು ಬಚ್ಚಲಲ್ಲೂ ಸ್ನಾನ ಮಾಡ್ತೀರಾ?"

ಎಂಜಿನಿಯರುಗಳು ಇದಕ್ಕೆ ಡೈವರ್ಸಿಟಿ ಫ್ಯಾಕ್ಟರ್ ಅಂತಾರೆ. ಇರೋದೆಲ್ಲ ಒಂದೇ ಹೊತ್ತಿಗೆ ಓಡಲ್ಲ ಅನ್ನೋ ನಂಬಿಕೆಯನ್ನ ಅಂಕಿಯಾಗಿ ಮಾಡೋದು. ನಮ್ಮ ಬೀದಿಯ ಟಿ.ಸಿ. 63 ಕೆವಿಎದು. ಅದರಿಂದ ಸುಮಾರು ನಲವತ್ತು ಮನೆಗೆ ಕರೆಂಟು. ಪ್ರತಿ ಮನೆಯೂ ನಮ್ಮನೆಯ ಹಾಗೆ ಹನ್ನೆರಡು ಎಳೆದರೆ 480 ಆಗುತ್ತೆ. ಇರೋದು 63. ತಲಾ ಒಂದೂವರೆ ಬಂತು, ಅಷ್ಟೇ. ಹಾಗಿದ್ದೂ ದೀಪ ಉರೀತಿದೆ, ಯಾಕಂದ್ರೆ ನಾನು ಸ್ನಾನ ಮಾಡುವಾಗ ಎದುರುಮನೆಯವರು ದೋಸೆ ಹುಯ್ಯುತ್ತಿರುತ್ತಾರೆ. ಯಾರೂ ಯಾರಿಗೂ ಮಾತು ಕೊಟ್ಟಿಲ್ಲ, ಆದರೂ ಮಾತು ನಡೀತಿದೆ.

ಮೇಸ್ತ್ರಿ ಬೆಳಗಿನ ಹೊತ್ತಿನ ಲೆಕ್ಕ ತೆಗೆದರು. ನಾನು ಬಂದಾಗ ಎರಡು ಗೀಸರ್, ಒಂದು ಮಿಕ್ಸಿ, ಜೊತೆಗೆ ಫ್ಯಾನು ಫ್ರಿಜ್ಜು ದೀಪ ಸೇರಿ 600. ಒಟ್ಟು 5,350. ಗೀಸರ್ ಹಾಕಿದಾಗ ಮೋಟರ್ ಹಾಕಬಾರದು, ಅದು ಷರತ್ತು. "ಐದು ಬರೆಸಿ. ಒಂದು ಗೀಸರ್ ಹತ್ತು ನಿಮಿಷ ಮುಂಚೆ ಆಫ್ ಮಾಡಿದ್ರೆ ಏನೂ ಆಗಲ್ಲ."

ಅಷ್ಟರಲ್ಲಿ ಚಿಕ್ಕಪ್ಪನ ಮಗ ಬಂದ. "ಬೀದೀಲಿ ಎಲ್ಲಾರೂ ಎರಡೇ ಕಣೋ ಬರೆಸಿರೋದು. ನೀನೊಬ್ಬ ಹರಿಶ್ಚಂದ್ರ! ನೀನು ಐದು ಬರೆಸಿದ್ರೆ ನಾಳೆ ದೊಡ್ಡ ಟಿ.ಸಿ. ಬಂದ್ಬಿಡುತ್ತಾ? ಕಿಲೋವ್ಯಾಟಿಗೆ ಇಷ್ಟು ಅಂತ ತಿಂಗಳಾ ತಿಂಗಳಾ ಕಟ್ಟೋದು ನೀನು, ಅಷ್ಟೇ."

ನಿಜ ಹೇಳಬೇಕಂದ್ರೆ ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ನಲವತ್ತು ಸುಳ್ಳಿನ ನಡುವೆ ಒಂದು ನಿಜದಿಂದ ಯಾರ ಮನೆ ಟ್ಯೂಬ್‌ಲೈಟೂ ಜಾಸ್ತಿ ಬೆಳಗಲ್ಲ. ಆದರೆ ಕಚೇರಿಯ ಕಡತದಲ್ಲಿ ನಮ್ಮ ಬೀದಿ ಹೇಗೆ ಕಾಣುತ್ತೆ? ನಲವತ್ತು ಮನೆ, ತಲಾ ಎರಡು, ಎಂಬತ್ತು ಕಿಲೋವ್ಯಾಟ್. ಎಲ್ಲರೂ ಒಟ್ಟಿಗೆ ಹಾಕಲ್ಲ, 63 ಸಾಕು. ಲೆಕ್ಕ ಸರಿಯಾಗಿದೆ. ಸರಿಯಾದ ಆ ಲೆಕ್ಕದ ಪಾಡನ್ನ ಪಡೋರು ಬೀದಿಯ ಕೊನೇ ಕಂಬದ ಮನೆಯವರು. ತಂತಿ ಉದ್ದವಾದಷ್ಟೂ, ಮಧ್ಯೆ ಎಳೆಯೋರು ಹೆಚ್ಚಾದಷ್ಟೂ, ಕೊನೆಗೆ ತಲುಪೋ ವೋಲ್ಟೇಜ್ ಕಮ್ಮಿ.

ಕೊನೇ ಮನೆಯಲ್ಲಿ ಟೈಲರಮ್ಮ ಇದ್ದಾರೆ. ಮೋಟರ್ ಹಾಕಿದ ಹೊಲಿಗೆ ಮೆಷಿನ್ ಅವರ ಜೀವನ. ಅವರೊಂದು ಸಲ ಅಮ್ಮನ ಹತ್ತಿರ ನಗ್ತಾನೇ ಹೇಳಿದ್ದರಂತೆ: "ನಿಮ್ಮ ಹುಡುಗ ಊರಿಗೆ ಬಂದಿದ್ದಾನೆ ಅಂತ ನಮ್ಮನೆ ಟ್ಯೂಬ್‌ಲೈಟೇ ಹೇಳುತ್ತೆ ಅಕ್ಕಾ." ಅಮ್ಮ ಇದನ್ನ ತಮಾಷೆ ಅಂತ ನನಗೆ ಹೇಳಿದ್ದಳು. ನಾನೂ ನಕ್ಕಿದ್ದೆ.

ನಮ್ಮ ಕಡೆಯವರಿಗೆ ಇದು ಹೊಸ ಕಥೆಯಲ್ಲ. ವರ್ಷಪೂರ್ತಿ ಹರಿಯೋ ಹೊಳೆ ಇಲ್ಲದ ಸೀಮೆ ಇದು. ಕೆರೆ ಒಣಗಿದ ಮೇಲೆ ಬೋರು, ಅದೂ ಸಾವಿರ ಅಡಿ ದಾಟಿ. ನನ್ನ ಬೋರಿನ ನೀರು ನನ್ನ ಜಮೀನಿನ ಕೆಳಗೇ ಇದೆ ಅಂತ ಎಲ್ಲರೂ ನಂಬಿದ್ದರು, ಪಕ್ಕದವನ ಬೋರು ಬತ್ತೋವರೆಗೆ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಎಲಿನಾರ್ ಆಸ್ಟ್ರಮ್ ತಮ್ಮ ಪಿಎಚ್‌.ಡಿ. ಮಾಡಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಅಂತರ್ಜಲದ ಮೇಲೆ. ಅಲ್ಲಿನ ಜನ ಒಪ್ಪಂದಕ್ಕೆ ಬರೋ ಮುಂಚೆ ಆಗಬೇಕಾಗಿದ್ದ ಕೆಲಸ ಬಹಳ ಸಪ್ಪೆಯದು: ಯಾರು ಎಷ್ಟು ಎತ್ತುತ್ತಿದ್ದಾರೆ ಅನ್ನೋದು ಎಲ್ಲರಿಗೂ ಗೊತ್ತಾಗೋದು. ಹಂಚಿಕೆ, ತ್ಯಾಗ, ಎಲ್ಲ ಆಮೇಲೆ. ಫಾರಂನಲ್ಲಿ ನಾನು ಬರೆಯೋ ಸಂಖ್ಯೆಯೂ ಆ ಜಾತಿಯದೇ ಅನ್ನಿಸಿತು. ಅದು ಕಚೇರಿಗೆ ಬರೆದ ಅರ್ಜಿ ಹೌದು, ಟೈಲರಮ್ಮನಿಗೆ ಕೊಡೋ ಮಾಹಿತಿಯೂ ಹೌದು.

ಹಾಗಂತ ಹನ್ನೆರಡು ಬರೆಸೋದೂ ಸಾಚಾತನವಲ್ಲ. ಖಾಲಿ ಬಸ್ಸಿನ ಮೂರು ಸೀಟಿಗೆ ಟವೆಲ್ ಹಾಕಿದ ಹಾಗೆ ಅದು. ದುಡ್ಡು ಕೊಡ್ತೀನಲ್ಲ ಅನ್ನಬಹುದು. ಆದರೆ ತಿಂಗಳಿಗೆ ಎರಡು ದಿನ ಬರೋ ಮಗನಿಗೋಸ್ಕರ ಉಳಿದ ಇಪ್ಪತ್ತೆಂಟು ದಿನ ಕಡತದಲ್ಲಿ ಜಾಗ ಹಿಡಿದಿಡೋದಕ್ಕೆ ಆ ದುಡ್ಡು ಸರಿಯಾದ ಬೆಲೆಯಾ? ನನಗೆ ಇನ್ನೂ ಖಾತ್ರಿಯಿಲ್ಲ. ಕರೆಂಟಿನ ವಿಷಯದಲ್ಲಿ ನಮ್ಮ ಹಳೇ ಕೋಲಾರ ಜಿಲ್ಲೆಯ ಇತಿಹಾಸವೇ ಹೀಗೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದದ್ದು ಕೆ.ಜಿ.ಎಫ್. ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೇ ಅದು ಬಂದದ್ದು 1905ರಲ್ಲಿ. ದಾರಿಯ ಹಳ್ಳಿಗಳ ಲೋಡು ಯಾರ ಲೆಕ್ಕದಲ್ಲೂ ಇರಲಿಲ್ಲ.

ಕೊನೆಗೆ ಐದು ಬರೆಸಿದೆವು. ವೈರಿಂಗ್ ವಿಷಯದಲ್ಲಿ ಮೇಸ್ತ್ರಿ ರಾಜಿಯಾಗಲಿಲ್ಲ. ದೀಪ ಫ್ಯಾನಿಗೆ 1.5 ಚದರ ಮಿಲಿಮೀಟರ್ ವೈರು, 10 ಆಂಪಿಯರ್ ಎಂ.ಸಿ.ಬಿ. ಒಂದೊಂದು ಗೀಸರಿಗೂ ಬೇರೆ ಬೇರೆ ಲೈನು, 2.5ರ ವೈರು, 16 ಆಂಪಿಯರ್. ಎ.ಸಿ.ಗೆ 4ರ ವೈರು, 20 ಆಂಪಿಯರ್. ಎಲ್ಲಕ್ಕೂ ಮೇಲೆ 30 ಮಿಲಿ ಆಂಪಿಯರ್ ಸೋರಿದರೂ ಬೀಳೋ ಆರ್‌.ಸಿ.ಸಿ.ಬಿ. ಹೊಸ ಅರ್ಥಿಂಗು. "ಎಂ.ಸಿ.ಬಿ. ಕಾಯೋದು ನಿಮ್ಮ ಎ.ಸಿ.ನಲ್ಲ ಸಾರ್, ಗೋಡೆಯೊಳಗಿರೋ ವೈರನ್ನ. ಬಿದ್ದರೆ ಬೈಕೋಬೇಡಿ, ದೊಡ್ಡದು ಹಾಕೋಕಂತೂ ಹೋಗಲೇಬೇಡಿ." ಕರೆಂಟು ಮೂರು ಪಟ್ಟಾದರೆ ವೈರಿನ ಬಿಸಿ ಒಂಬತ್ತು ಪಟ್ಟಾಗುತ್ತೆ. ಇದನ್ನ ನಾನು ಪಿಯುಸಿಯಲ್ಲಿ ಬಾಯಿಪಾಠ ಮಾಡಿ ಪೂರ್ತಿ ಮಾರ್ಕ್ಸ್ ತಗೊಂಡಿದ್ದೆ.

ಅಷ್ಟೂ ಹೊತ್ತು ಸುಮ್ಮನೆ ಕೂತಿದ್ದ ಅಮ್ಮನನ್ನ ಮೇಸ್ತ್ರಿಯೇ ಕೇಳಿದರು: "ನಿಮಗೇನು ಬೇಕಮ್ಮಾ?" ನನಗೇನಪ್ಪ, ಒಂದು ಫ್ಯಾನು ಒಂದು ಲೈಟು ಅಂದಳು. ಸ್ವಲ್ಪ ತಡೆದು, ಮಂಚದ ಪಕ್ಕ ಕೈಗೆ ಸಿಗೋ ಹಾಗೆ ಒಂದು ಸ್ವಿಚ್ ಇದ್ದರೆ ರಾತ್ರಿ ಎದ್ದಾಗ ಗೋಡೆ ತಡವೋದು ತಪ್ಪುತ್ತೆ ಅಂದಳು. ಹನ್ನೆರಡು ಸಾವಿರ ವ್ಯಾಟಿನ ಪಟ್ಟಿಯಲ್ಲಿ ಅದು ಇರಲಿಲ್ಲ. ಅದರ ಲೋಡು ಒಂಬತ್ತು ವ್ಯಾಟ್.

ಅಪ್ಪ ಹೊಸೆದ ಆ ನಾಲ್ಕೆಳೆ ತಂತಿಯನ್ನ ಎಸೆಯೋಕೆ ಮನಸ್ಸು ಬರಲಿಲ್ಲ. ಬೆಂಗಳೂರಿನ ನನ್ನ ಮೇಜಿನ ಡ್ರಾಯರಿನಲ್ಲಿದೆ.

ಹೋದ ಭಾನುವಾರ ಅಮ್ಮ ಫೋನ್ ಮಾಡಿದ್ದಳು. ಟೈಲರಮ್ಮನ ಮನೆಗೂ ಗೀಸರ್ ಬಂತಂತೆ, ಮಗಳ ಬಾಣಂತನಕ್ಕೆ. ಲೋಡ್ ಎಷ್ಟು ಬರೆಸಿದ್ದಾರೆ ಅಂತ ಕೇಳಿದೆ. "ಎರಡೇ ಇರಬೇಕು ಕಣೋ, ಅವರ ಹತ್ರ ಎಲ್ಲಿದೆ ದುಡ್ಡು? ವೈರಿಂಗ್ ಒಂದ್ಸಲ ನೋಡಿಸಬೇಕಂತೆ, ನಿಮ್ಮ ಮೇಸ್ತ್ರಿ ನಂಬರ್ ಕೊಡಿ ಅಂದ್ರು."

ನಂಬರ್ ಕಳಿಸಿದೆ.