ಕೈಗುಣ

ವೈದ್ಯರನ್ನು ಕುರಿತು ನಮ್ಮ ಜನ ಆಡುವ ಮಾತುಗಳಲ್ಲಿ ನನಗೆ ಬಹಳ ಪ್ರಿಯವಾದುದು 'ಕೈಗುಣ' ಎಂಬುದು. ಮದ್ದು ಒಂದೇ ಆದರೂ ಕೊಡುವ ಕೈ ಬೇರೆಯಾದರೆ ಫಲವೂ ಬೇರೆಯಾದೀತು ಎಂಬ ನಂಬಿಕೆ ಅದರೊಳಗಿದೆ. ನನ್ನ ತಾಯಿ ಒಬ್ಬ ಡಾಕ್ಟರ ಕೈಗುಣವನ್ನು ಈಗಲೂ ಹೊಗಳುವುದುಂಟು. ವಿಚಿತ್ರವೆಂದರೆ, ಆ ಡಾಕ್ಟರ ಕೈಯಲ್ಲಿ ಆಕೆಯ ತಮ್ಮ ಉಳಿಯಲಿಲ್ಲ.

1994ರ ಮಳೆಗಾಲ. ಸ್ಕೂಟರು ಜಾರಿ ಬಿದ್ದ ನಮ್ಮ ಸೋದರಮಾವನನ್ನು ಪಕ್ಕದೂರಿನ ಆಸ್ಪತ್ರೆಗೆ ಸೇರಿಸಿದರು. ತಲೆಗೆ ಪೆಟ್ಟು, ಎಚ್ಚರವಿಲ್ಲ. ಡಾಕ್ಟರು ಎರಡು ರಾತ್ರಿ ಮನೆಗೆ ಹೋಗಲಿಲ್ಲ. "ಮೆದುಳು ಊದಿಕೊಂಡಿದೆ ತಾಯಿ, ಊತ ಇಳಿಯಲೆಂದು ಇಂಜೆಕ್ಷನ್ ಕೊಟ್ಟಿದ್ದೇನೆ" ಎಂದರು. ಮೂರನೆಯ ದಿನ ಬೆಳಗಿನ ಜಾವ ಮಾವ ತೀರಿಕೊಂಡರು. ಆ ಔಷಧದ ಚೀಟಿಯನ್ನು ಅಮ್ಮ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಳು. ಹೋದ ವರ್ಷ ಮನೆಗೆ ಸುಣ್ಣ ಹೊಡೆಸುವಾಗ ನನ್ನ ಕೈಗೆ ಸಿಕ್ಕಿತು. ಅದರಲ್ಲಿದ್ದ ಹೆಸರು ಡೆಕ್ಸಾಮೆಥಸೋನ್. ಸ್ಟೀರಾಯ್ಡ್ ವರ್ಗದ ಮದ್ದು.

ಕಾಲಿಗೆ ಪೆಟ್ಟಾದರೆ ಊತಕ್ಕೆ ಹೊರಗೆ ಜಾಗವುಂಟು. ತಲೆಬುರುಡೆಯಾದರೋ ಮುಚ್ಚಿದ ಕರಡಿಗೆ. ಅದರೊಳಗಿನ ಜಾಗ ಹಿಗ್ಗದು ಎಂಬುದನ್ನು ಎಡಿನ್‌ಬರೋದ ಅಲೆಕ್ಸಾಂಡರ್ ಮನ್ರೋ 1783ರಲ್ಲಿಯೇ ಹೇಳಿದ್ದ. ಊತ ಹೆಚ್ಚಿದಂತೆ ಒತ್ತಡವೇರಿ ಮೆದುಳಿಗೆ ರಕ್ತ ಸಾಲದೆ ಹೋಗುತ್ತದೆ. ಮ್ಯಾನಿಟಾಲ್ ದ್ರವವನ್ನೋ ಗಾಢವಾದ ಉಪ್ಪುನೀರನ್ನೋ ರಕ್ತನಾಳಕ್ಕೆ ಬಿಟ್ಟು ಮೆದುಳಿನ ನೀರನ್ನು ಸೆಳೆದುಕೊಳ್ಳುವುದು ಇಂದಿಗೂ ನಡೆಯುವ ಚಿಕಿತ್ಸೆ. ಸ್ಟೀರಾಯ್ಡಿನ ಕಥೆ ಬೇರೆ. ಮೆದುಳಿನ ಗೆಡ್ಡೆಯ ಸುತ್ತಲಿನ ಊತ ಡೆಕ್ಸಾಮೆಥಸೋನಿನಿಂದ ಇಳಿಯುವುದೆಂದು ಅಮೆರಿಕದ ವೈದ್ಯರು 1961ರಲ್ಲಿ ವರದಿ ಮಾಡಿದರು. ಅದು ನಿಜ, ಇಂದಿಗೂ ನಿಜ. ಗೆಡ್ಡೆಯ ಊತವನ್ನು ಇಳಿಸಿದ್ದು ಪೆಟ್ಟಿನ ಊತವನ್ನೂ ಇಳಿಸೀತು ಎಂದು ವೈದ್ಯಲೋಕ ಊಹಿಸಿತು. ನಾನು ತರಗತಿಯಲ್ಲಿ ಅಲಂಕಾರಶಾಸ್ತ್ರ ಹೇಳುವವನು. ಮುಖವು ಚಂದ್ರನಂತೆ ಎಂದರೆ ಯಾರಿಗೂ ನಷ್ಟವಿಲ್ಲ. ಈ ಊತ ಆ ಊತದಂತೆ ಎಂಬ ಉಪಮೆ ಮಾತ್ರ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಆಸ್ಪತ್ರೆಗಳಲ್ಲಿ ನಡೆಯಿತು.

ಕೊನೆಗೆ, ಲಂಡನ್ನಿನ ಸಂಶೋಧಕರ ಮುಂದಾಳುತನದಲ್ಲಿ 49 ದೇಶಗಳ ಆಸ್ಪತ್ರೆಗಳು ಸೇರಿ 'ಕ್ರ್ಯಾಶ್' ಎಂಬ ಪರೀಕ್ಷೆ ನಡೆಸಿದವು. ತಲೆಗೆ ಪೆಟ್ಟಾಗಿ ಎಂಟು ಗಂಟೆಯೊಳಗೆ ಬಂದ 10,008 ಮಂದಿ. ಅರ್ಧದಷ್ಟು ಜನರಿಗೆ ಮಿಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್, ಉಳಿದವರಿಗೆ ಹುಸಿಮದ್ದು. ಯಾರಿಗೆ ಯಾವುದು ಎಂಬುದು ನಾಣ್ಯ ಚಿಮ್ಮಿದಂತೆ. 20,000 ಮಂದಿಯನ್ನು ಸೇರಿಸಿಕೊಳ್ಳುವ ಉದ್ದೇಶವಿತ್ತು. 2004ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಎರಡು ವಾರದೊಳಗೆ ಹುಸಿಮದ್ದಿನವರಲ್ಲಿ 893 ಮಂದಿ ಸತ್ತಿದ್ದರು. ಸ್ಟೀರಾಯ್ಡ್ ಪಡೆದವರಲ್ಲಿ 1,052. ನೂರಕ್ಕೆ ಹದಿನೆಂಟು ಸಾಯುವಲ್ಲಿ ಇಪ್ಪತ್ತೊಂದು.

ಇದನ್ನು ಮೊದಲು ಓದಿದಾಗ ನನ್ನ ಮನಸ್ಸು ಕೆರಳಿದ್ದು ನಾಣ್ಯದ ಮೇಲೆ. ಎಚ್ಚರವಿಲ್ಲದೆ ಬಿದ್ದವನ ಮೇಲೆ ಪಗಡೆಯಾಡುವುದೆ? ಒಪ್ಪಿಗೆ ಕೇಳದೆ ಪಣಕ್ಕೊಡ್ಡಿದ ಧರ್ಮರಾಯನನ್ನೇ ನಾವು ಇನ್ನೂ ಕ್ಷಮಿಸಿಲ್ಲ. ಬಂಧುಗಳು ಹತ್ತಿರವಿಲ್ಲದಾಗ ಒಪ್ಪಿಗೆಗೆ ಕಾಯದೆ ಇಂಥ ಪರೀಕ್ಷೆಗೆ ಸೇರಿಸಿಕೊಳ್ಳಲು ಕೆಲವು ದೇಶಗಳ ನಿಯಮ ಅವಕಾಶ ಕೊಡುತ್ತದೆ. ಹೆಚ್ಚಾಗಿ ಸತ್ತ ಆ 159 ಮಂದಿಯಲ್ಲಿ ಎಷ್ಟು ಜನ ತಾವೇ 'ಹೂಂ' ಎನ್ನುವ ಸ್ಥಿತಿಯಲ್ಲಿದ್ದರು?

ಆದರೆ ನಮ್ಮ ಡಾಕ್ಟರು ಮಾಡಿದ್ದಾದರೂ ಏನು? ಅವರೂ ಮಾವನನ್ನು ಪಣಕ್ಕೊಡ್ಡಿದವರೇ. ಆಡುತ್ತಿರುವುದು ಆಟವೆಂದು ಅವರಿಗೆ ತಿಳಿದಿರಲಿಲ್ಲ, ಅಷ್ಟೆ. ರೋಗಿ ಬದುಕಿದರೆ ಮದ್ದಿನ ಮಹಿಮೆ, ಸತ್ತರೆ ಪೆಟ್ಟಿನ ಬಲ. ಹೀಗೆ ಲೆಕ್ಕವಿಡುವವನಿಗೆ ಸೋಲೇ ಇಲ್ಲ. ಸೋಲಿಲ್ಲದವನಿಗೆ ಕಲಿಯಲು ಏನೂ ಇಲ್ಲ. ನೂರರಲ್ಲಿ ಮೂರು ಸಾವಿನ ವ್ಯತ್ಯಾಸ ಯಾವ ಒಬ್ಬ ವೈದ್ಯನ ಕಣ್ಣಿಗೂ, ಅವನು ಎಷ್ಟು ರಾತ್ರಿ ಎದ್ದು ಕುಳಿತರೂ ಕಾಣುವಂತಿರಲಿಲ್ಲ. ಮಮತೆಗೆ ಕಾಣದ್ದು ನಾಣ್ಯಕ್ಕೆ ಕಂಡಿತು. ಈ ಮಾತನ್ನು ಬರೆಯಲು ನನಗೆ ಸಂತೋಷವಿಲ್ಲ, ಬರೆಯದಿದ್ದರೆ ಸುಳ್ಳಾಗುತ್ತದೆ. ಆ 159ರ ವಿಷಯದಲ್ಲಿ ನನಗೆ ಸಮಾಧಾನವೂ ಇಲ್ಲ. ಪರೀಕ್ಷೆಯೇ ಇಲ್ಲದಿದ್ದರೆ ಅವರಲ್ಲಿ ಎಷ್ಟೋ ಜನಕ್ಕೆ ಅದೇ ಮದ್ದು, ಅದೇ ಸಾವು, ಎಣಿಕೆಗೆ ಸಿಕ್ಕದೆ ಬರುತ್ತಿತ್ತು ಎಂದು ವಾದಿಸಬಹುದು. ವಾದ ಸರಿಯಿದೆ, ಅವರ ಮನೆಯವರೆದುರು ನಿಂತು ಹೇಳಬಲ್ಲೆನೆ?

ಇನ್ನು ನಮ್ಮ ಡಾಕ್ಟರ ತಪ್ಪು. ಮಾವ ಆ ಮೂವರಲ್ಲಿ ಒಬ್ಬರೊ, ಹದಿನೆಂಟರಲ್ಲಿ ಒಬ್ಬರೊ ಯಾರೂ ಹೇಳಲಾರರು. ಚೀಟಿಯ ಮದ್ದು ಪರೀಕ್ಷೆಯ ಮದ್ದೂ ಅಲ್ಲ, ಅದರ ದಾಯಾದಿ. ಕೊಂದವನು ಇದ್ದರೂ ಇದ್ದಾನು, ಇಂಥವನನ್ನೇ ಕೊಂದನೆಂದು ತೋರಿಸುವಂತಿಲ್ಲ. ಇಂಥ ತಪ್ಪಿಗೆ ನಮ್ಮ ಪಾಪಪುಣ್ಯಗಳ ಪಟ್ಟಿಯಲ್ಲಿ ಹೆಸರಿಲ್ಲವೆಂದು ತೋರುತ್ತದೆ. 1994ರಲ್ಲಿ ಆ ಡಾಕ್ಟರು ನಿರ್ದೋಷಿ ಎಂದೇ ನನ್ನ ಮತ. ತಲೆಯ ಪೆಟ್ಟಿಗೆ ಅದೇ ವರ್ಗದ ಇಂಜೆಕ್ಷನನ್ನು 2004ರ ಬಳಿಕ ಅಷ್ಟೇ ಪ್ರೀತಿಯಿಂದ ಕೊಟ್ಟವನನ್ನು ನಾನು ಹಾಗೆನ್ನಲಾರೆ. ಕೈ ಅದೇ, ಪ್ರೀತಿಯೂ ಅದೇ. ಕೆಲಸ ಮಾತ್ರ ಬೇರೆಯಾಯಿತು.

ಸುಣ್ಣ ಹೊಡೆಸಿದ ದಿನ ಚೀಟಿ ಹಿಡಿದು ನಿಂತಿದ್ದ ನನ್ನ ಕೈಯಿಂದ ಅಮ್ಮ ಅದನ್ನು ತೆಗೆದುಕೊಂಡಳು. ಡಾಕ್ಟರ ಸಹಿಯ ಮೇಲೆ ಬೆರಳಾಡಿಸಿ, "ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ ಕಣೋ, ಪುಣ್ಯಾತ್ಮ" ಎಂದಳು. "ಹೌದಮ್ಮ" ಎಂದೆ. ಹೇಳಿದ್ದು ಸುಳ್ಳಲ್ಲ. ಹೇಳದೆ ಬಿಟ್ಟದ್ದು ಸರಿಯೆ ಎಂದು ಅವಳನ್ನು ಕೇಳುವಂತಿಲ್ಲ, ಕೇಳಬೇಕಾದವಳು ಅವಳೊಬ್ಬಳೇ.