ಹಾಯುವ ಎತ್ತೂ ಕಚ್ಚುವ ನಾಯಿಯೂ

ನಾಯಿಯು ಕಚ್ಚಿದರೆ ತಪ್ಪು ಯಾರದು? ನಾಯಿಗೆ ಒಳ್ಳೇದು ಕೆಟ್ಟದ್ದರ ವಿವೇಕವಿಲ್ಲ. ಯಜಮಾನನೋ ತಾನು ಕಚ್ಚಲಿಲ್ಲ. ಹೀಗೆ ಇಬ್ಬರನ್ನೂ ಬಿಟ್ಟುಬಿಟ್ಟರೆ ಗಾಯಪಟ್ಟವನ ನೋವು ಮಾತ್ರ ಉಳಿಯುವದು. ಜೊಯಿಡಾ ಸೀಮೆಯ ನಮ್ಮ ವಾಚಕರಿಗೆ ಈ ಪ್ರಶ್ನೆಯು ಅಲ್ಪವಾಗಿ ಕಾಣಬಾರದು. ಯಾಕಂದರೆ ಅಡವಿಯ ನಡುವೆ ಚದರಿಕೊಂಡಿರುವ ಮನೆಗಳಲ್ಲಿ ನಾಯಿಯಿಲ್ಲದ ಅಂಗಳವು ವಿರಳ.

2024ನೇ ಮಾರ್ಚ್ 12ರಲ್ಲಿ ಕೇಂದ್ರ ಸರಕಾರದ ಪಶುಸಂಗೋಪನಾ ಇಲಾಖೆಯವರು ಪಿಟ್‌ಬುಲ್, ರಾಟ್‌ವೈಲರ್ ಮೊದಲಾದ 23 ಜಾತಿಯ ನಾಯಿಗಳನ್ನು ಸಾಕುವದಕ್ಕೂ ಮಾರುವದಕ್ಕೂ ಅಪ್ಪಣೆ ಕೊಡಬಾರದೆಂದು ರಾಜ್ಯಗಳಿಗೆ ಬರೆದರು. ಸಂಬಂಧಪಟ್ಟವರ ಮಾತನ್ನು ಕೇಳದೆ ಇದನ್ನು ಹೊರಡಿಸಿದ್ದಾರೆಂದು ಕರ್ನಾಟಕದ ಹೈಕೋರ್ಟು ಏಪ್ರಿಲ್ 10ರಲ್ಲಿ ಆ ಸುತ್ತೋಲೆಯನ್ನು ರದ್ದುಮಾಡಿತು. ಇದು ಪಟ್ಟಣದವರ ವ್ಯಾಜ್ಯ, ನಮ್ಮ ಬಾಗಿಲಲ್ಲಿರುವದು ಬರೀ ಊರನಾಯಿ ಎಂದು ನಮ್ಮಲ್ಲಿ ಕೆಲವರು ನೆಮ್ಮದಿಗೊಂಡಾರು. ಆದರೆ ಹೊಣೆಯು ಜಾತಿಯ ಹೆಸರಿನೊಂದಿಗೆ ಬಂದು ಹೋಗುವಂಥದೋ?

ಮೋಶೆಯ ಎರಡನೆಯ ಪುಸ್ತಕದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ವಿಷಯವಾದ ನ್ಯಾಯವನ್ನು ನಾವೆಲ್ಲರೂ ಓದಿದ್ದೇವೆ. ಎತ್ತು ಹಾಯ್ದು ಮನುಷ್ಯನು ಸತ್ತರೆ ಎತ್ತಿಗೆ ಮರಣ, ಯಜಮಾನನಿಗೆ ದೋಷವಿಲ್ಲ. ಅದು ಮೊದಲಿನಿಂದಲೂ ಹಾಯುವಂಥದಾಗಿದ್ದು, ಜನರು ಬಂದು ಎಚ್ಚರಿಸಿದರೂ ಅವನು ಅದನ್ನು ಕಟ್ಟದೆ ಹೋಗಿದ್ದರೆ ಅವನೂ ಅಪರಾಧಿ. ಅಲ್ಲಿ ಎತ್ತಿನ ತಳಿಯನ್ನು ಯಾರೂ ವಿಚಾರಿಸುವದಿಲ್ಲ. ಯಜಮಾನನಿಗೆ ಏನು ತಿಳಿದಿತ್ತು ಎಂಬದನ್ನೇ ವಿಚಾರಿಸುತ್ತಾರೆ. ನಮ್ಮ ದೇಶದ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಿಳಿದು ಬಿಟ್ಟವನನ್ನು ಮಾತ್ರವಲ್ಲದೆ ಅಲಕ್ಷ್ಯದಿಂದ ಬಿಟ್ಟವನನ್ನೂ ಹಿಡಿಯುವದು. ಆರು ತಿಂಗಳ ವರೆಗೆ ಸೆರೆ, ಇಲ್ಲವೆ 5000 ರೂಪಾಯಿಯ ವರೆಗೆ ದಂಡ, ಇಲ್ಲವೆ ಎರಡೂ.

ಹಾಗಾದರೆ ಜಾತಿಯ ಮಾತು ಸುಳ್ಳೋ? ಪೂರಾ ಸುಳ್ಳಲ್ಲ. ಕಾದಾಟಕ್ಕೆಂದೇ ತಲೆತಲಾಂತರದಿಂದ ಬೆಳೆಸಿದ ನಾಯಿಯನ್ನು ಹಣಕೊಟ್ಟು ತರುವವನಿಗೆ ತಂದ ದಿನವೇ ಎಚ್ಚರಿಕೆ ಸಿಕ್ಕಿದ ಹಾಗಾಯಿತು; ತಿಳಿಯಲಿಲ್ಲವೆಂದು ಅವನು ಹೇಳಲಾರನು. 2022ರಲ್ಲಿ ಲಕ್ನೋದಲ್ಲಿ ಮನೆಯ ಪಿಟ್‌ಬುಲ್ ನಾಯಿಯೇ ಯಜಮಾನನ ವೃದ್ಧ ತಾಯಿಯನ್ನು ಕೊಂದಿತು. ಆದರೆ ಊರನಾಯಿಯ ಯಜಮಾನನಿಗೂ ಎಚ್ಚರಿಕೆಗಳು ಬರುತ್ತವೆ. ನೆರೆಯವನು ಕೋಲು ಹಿಡಿದು ನಮ್ಮ ಬೇಲಿ ದಾಟುವದೇ ಒಂದು ಎಚ್ಚರಿಕೆಯಲ್ಲವೋ?

ಇಲ್ಲಿ ಒಂದು ಕಷ್ಟವುಂಟು, ಅದನ್ನು ಮರೆಮಾಡಲಾರೆವು. ರಾತ್ರಿ ಅಂಗಳದಲ್ಲಿ ಸರಪಳಿ ಹಾಕಿ ಕಟ್ಟಿದರೆ ಚಿರತೆಗೆ ಊಟ ಕಟ್ಟಿಟ್ಟಂತಾಗುವದು. ಬಿಟ್ಟರೆ ಅದು ಅಡವಿಗೆ ನುಗ್ಗಿ ಕಾಡುಪ್ರಾಣಿಗಳನ್ನು ಅಟ್ಟುವದು, ದಾರಿಹೋಕರ ಮೇಲೆ ಬೀಳುವದು. ಆದದರಿಂದ ಹಗಲು ಕಟ್ಟಿ ರಾತ್ರಿ ಕೊಟ್ಟಿಗೆಯೊಳಗೆ ಕೂಡುವದೇ ಲೇಸೆಂದು ನಮಗೆ ತೋರುತ್ತದೆ. ವರುಷಕ್ಕೊಮ್ಮೆ ಹುಚ್ಚುರೋಗದ ಲಸಿಕೆಯನ್ನೂ ಹಾಕಿಸಬೇಕು. ಆ ರೋಗದ ಲಕ್ಷಣಗಳು ಮನುಷ್ಯನಲ್ಲಿ ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆಂದೇ ಹೇಳಬೇಕು. ಕಚ್ಚಿದ ಗಾಯವನ್ನು ಕೂಡಲೇ ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗತಕ್ಕದ್ದು. ಮಂತ್ರದವನ ಮನೆಗೆ ಹೋಗಿ ಕಳೆಯುವ ಹೊತ್ತು ತಿರಿಗಿ ಸಿಕ್ಕುವದಿಲ್ಲ.

ಬೇರೆಯವರಿಗೆ ಬುದ್ಧಿ ಹೇಳುವ ನಮ್ಮ ಮನೆಯ ನಾಯಿಯೂ ಒಮ್ಮೆ ಹಾಲು ತರುವ ಹುಡುಗನ ಮೀನಖಂಡಕ್ಕೆ ಹಲ್ಲೂರಿತು. ಅವನು ಕೆಣಕಿರಬೇಕೆಂದು ನಾವು ಅಂದೆವು. ಪಾತ್ರೆಯನ್ನು ಹೊಸ್ತಿಲಲ್ಲಿ ಇಡುವದು ಕೆಣಕುವದೋ? ಅದಕ್ಕೆ ಹಿಂದಿನ ತಿಂಗಳಲ್ಲಿಯೇ ಅವನ ಅಂಗಿಯನ್ನು ಅದು ಹರಿದಿತ್ತು, ನಾವು ನೋಡಿ ನಕ್ಕಿದ್ದೆವು. ಅವನ ಚುಚ್ಚುಮದ್ದಿನ ಪ್ರತಿ ಸರದಿಗೂ ಜೊತೆಯಲ್ಲಿ ಬಸ್ಸು ಹತ್ತಿ ಹೋದೆವು. ಈಗ ನಾಯಿಯನ್ನು ಕಟ್ಟಿಯೇ ಇರುತ್ತೇವೆ. ಆದರೂ ಆ ಹುಡುಗನು ಬೇಲಿಯ ಹೊರಗೇ ನಿಂತು ಕೂಗುತ್ತಾನೆ, ಹಾಲಿಗೆ ನಾವೇ ನಡೆದುಹೋಗುತ್ತೇವೆ.